ಹಳೆಯ ಲಾರಿಗಳಲ್ಲಿ ಇಗ್ನಿಶನ್ ದೋಷದಿಂದ ಬೆಂಕಿ ಹತ್ತಬಹುದೇ?

ಗೋವೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಲಾರಿಯನ್ನೇ ಜೀವನಾಧಾರ ಮಾಡಿಕೊಂಡವರು ಅನೇಕರು. ವಾಸ್ಕೊ, ಬೈನಾ, ಜುವಾರಿನಗರ, ಮಡಗಾಂವ ಮೊದಲಾದ ಕಡೆಗಳಲ್ಲಿ ವಾಸಿಸುತ್ತಿರುವ ನಮ್ಮವರಲ್ಲಿ ಕೆಲವರು ಡ್ರೈವರರು, ಕೆಲವರು ಕ್ಲೀನರರು, ಕೆಲವರು ಗ್ಯಾರೇಜಿನ ಮಿಸ್ತ್ರಿಗಳು, ಇನ್ನು ಕೆಲವರು ಮಾಲು ಏರಿಸಿ ಇಳಿಸುವ ಹಮಾಲರು. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳಿಂದ ಅನಮೋಡ ಘಟ್ಟವನ್ನೋ ಚೋರ್ಲಾ ಘಟ್ಟವನ್ನೋ ಇಳಿದು ಬರುವ ಕಾಯಿಪಲ್ಯ, ಧಾನ್ಯ, ಸಿಮೆಂಟುಗಳೆಲ್ಲ ಲಾರಿಯ ಬೆನ್ನ ಮೇಲೆಯೇ ಬರುವುವು. ಆದುದರಿಂದ ಲಾರಿಗೆ ಬೆಂಕಿ ಹತ್ತಿತೆಂಬ ಸುದ್ದಿ ನಮ್ಮ ಮನೆಗಳಲ್ಲಿ ಬೇರೆಯವರ ಸುದ್ದಿಯಾಗಿ ಉಳಿಯುವುದಿಲ್ಲ. ಅಂಥ ಸುದ್ದಿ ಬಂದಾಗಲೆಲ್ಲ ಜನರು ಆಡುವ ಮಾತು ಒಂದೇ: “ಶಾರ್ಟ್ ಸರ್ಕೀಟ್ ಆಯಿತಂತೆ.” ಈ ಮಾತಿನ ಅರ್ಥವೇನು? ಇಗ್ನಿಶನ್ ಭಾಗಗಳು ಕೆಟ್ಟರೆ ನಿಜವಾಗಿಯೂ ಬೆಂಕಿ ಹುಟ್ಟಬಲ್ಲುದೇ? ಹುಟ್ಟುವುದಾದರೆ ಹೇಗೆ? ಅದನ್ನು ತಡೆಯುವ ಬಗೆಯೇನು? ಹತ್ತನೆಯ ತರಗತಿಯ ಭೌತಶಾಸ್ತ್ರವನ್ನು ಬಲ್ಲ ವಿದ್ಯಾರ್ಥಿಯು ಈ ಪ್ರಶ್ನೆಗಳನ್ನು ತಾನೇ ಬಿಡಿಸಬಲ್ಲನು. ಆ ಉದ್ದೇಶದಿಂದಲೇ ಈ ಪಾಠವನ್ನು ಬರೆಯಲಾಗಿದೆ.

ಬೆಂಕಿಗೆ ಬೇಕಾದ ಮೂರು

ಉರಿಯುವ ವಸ್ತು, ಆಮ್ಲಜನಕ, ಸಾಕಷ್ಟು ಉಷ್ಣ – ಈ ಮೂರೂ ಒಂದೆಡೆ ಸೇರಿದಲ್ಲದೆ ಬೆಂಕಿ ಹುಟ್ಟದು. ಒಂದನ್ನು ತೆಗೆದರೂ ಉಳಿದೆರಡು ನಿರುಪಾಯವಾಗುವುವು. ಲಾರಿಯ ಇಂಜಿನ್ನಿನ ಸುತ್ತಲೂ ಗಾಳಿ ಇದ್ದೇ ಇರುವುದು. ಉರಿಯುವ ವಸ್ತುಗಳಿಗೂ ಅಲ್ಲಿ ಕೊರತೆಯಿಲ್ಲ. ಪೆಟ್ರೋಲು ಅಥವಾ ಡೀಸೆಲು, ಇಂಜಿನ್ ಆಯಿಲು, ಬ್ರೇಕ್ ಆಯಿಲು, ರಬ್ಬರಿನ ಕೊಳವೆಗಳು, ತಂತಿಗಳ ಮೇಲಿನ ಹೊದಿಕೆ, ಸೀಟಿನ ಸ್ಪಂಜು, ಮಿಸ್ತ್ರಿಯು ಮರೆತು ಬಿಟ್ಟ ಎಣ್ಣೆಬಟ್ಟೆ, ಇವೆಲ್ಲವೂ ಉರಿಯಬಲ್ಲವು. ಹೀಗಿರಲು ಮೂರನೆಯದಾದ ಉಷ್ಣವನ್ನು ಕೊಡುವವರಾರು ಎಂಬುದೇ ನಮ್ಮ ಮುಖ್ಯ ಪ್ರಶ್ನೆ.

ಇಂಧನಗಳ ಸ್ವಭಾವವನ್ನೂ ಇಲ್ಲಿ ತಿಳಿದುಕೊಳ್ಳಬೇಕು. ದ್ರವರೂಪದ ಪೆಟ್ರೋಲು ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದು. ಗಾಳಿಯಲ್ಲಿ ಆ ಆವಿಯು ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಭಾಗದವರೆಗೆ ಬೆರೆತಿದ್ದರೆ ಮಾತ್ರ ಹೊತ್ತುವುದು. ಅದಕ್ಕಿಂತ ಕಡಿಮೆಯಾದರೂ ಹೆಚ್ಚಾದರೂ ಹೊತ್ತದು. ಡೀಸೆಲಿನ ರೀತಿ ಬೇರೆ. ಸಾಮಾನ್ಯ ಉಷ್ಣತೆಯಲ್ಲಿ ಅದಕ್ಕೆ ಕಡ್ಡಿ ಗೀರಿದರೂ ಸುಲಭವಾಗಿ ಹೊತ್ತಿಕೊಳ್ಳದು. ಆದರೆ ಸುಮಾರು 210ರಿಂದ 250 ಡಿಗ್ರಿಯವರೆಗೆ ಕಾದರೆ ಕಿಡಿಯ ಸಹಾಯವಿಲ್ಲದೆ ತಾನಾಗಿಯೇ ಹೊತ್ತುವುದು. ಪೆಟ್ರೋಲು ತಾನಾಗಿ ಹೊತ್ತಲು ಇದಕ್ಕಿಂತಲೂ ಹೆಚ್ಚು ಕಾವು ಬೇಕು. ಆದುದರಿಂದ ಪೆಟ್ರೋಲಿಗೆ ಕಿಡಿಯು ಶತ್ರು, ಡೀಸೆಲಿಗೆ ಕಾದ ಲೋಹವು ಶತ್ರು ಎಂದು ನೆನಪಿನಲ್ಲಿಡಬಹುದು.

ಇಗ್ನಿಶನ್ ಎಂದರೇನು?

ಇಗ್ನಿಶನ್ ಎಂದರೆ ಹೊತ್ತಿಸುವಿಕೆ. ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನೊಳಗೆ ಸರಿಯಾದ ಕ್ಷಣಕ್ಕೆ ಕಿಡಿ ಹಾರಿಸುವ ವ್ಯವಸ್ಥೆಗೆ ಆ ಹೆಸರು. 1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆಯು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗನ್ನು ತಯಾರಿಸಿತು. ಆಮೇಲೆ ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರನು ಬ್ಯಾಟರಿಯಿಂದಲೇ ಕಿಡಿಯನ್ನು ಪಡೆಯುವ ವಿಧಾನವನ್ನು ರೂಪಿಸಿದನು. ಹಳೆಯ ಪೆಟ್ರೋಲ್ ಲಾರಿಗಳಲ್ಲಿ ಹೆಚ್ಚಿನವು ಈ ವಿಧಾನವನ್ನೇ ಅನುಸರಿಸಿದವು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಶನ್ ಕಾಯಿಲು ಸುಮಾರು 20,000 ವೋಲ್ಟಿಗೆ ಏರಿಸುವುದು, ಪಾಯಿಂಟುಗಳು ಪ್ರವಾಹವನ್ನು ಕಡಿದು ಜೋಡಿಸುವುವು, ಕಂಡೆನ್ಸರು ಪಾಯಿಂಟುಗಳು ಸುಡದಂತೆ ಕಾಯುವುದು, ಡಿಸ್ಟ್ರಿಬ್ಯೂಟರು ಒಂದೊಂದು ಪ್ಲಗ್ಗಿಗೂ ಅದರ ಸರದಿಯಂತೆ ವಿದ್ಯುತ್ತನ್ನು ಹಂಚುವುದು.

ಡೀಸೆಲ್ ಇಂಜಿನ್ನಿನಲ್ಲಿ ಇವಾವುವೂ ಇಲ್ಲ. ಅಲ್ಲಿ ಗಾಳಿಯನ್ನು ಬಿಗಿಯಾಗಿ ಒತ್ತುವುದರಿಂದಲೇ ಅದು 500 ಡಿಗ್ರಿಗೂ ಮೇಲೆ ಕಾಯುವುದು, ಆ ಬಿಸಿಗಾಳಿಗೆ ಸಿಂಪಡಿಸಿದ ಡೀಸೆಲು ಹೊತ್ತಿಕೊಳ್ಳುವುದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನು 1897ರಲ್ಲಿ ಇಂಥ ಇಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ನಮ್ಮ ದೇಶದಲ್ಲಿ 1954ರಿಂದ ಜಮ್‌ಶೆಡ್‌ಪುರದಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆಂಜ್ ಸಂಸ್ಥೆಯ ಸಹಕಾರದಿಂದ ಲಾರಿಗಳನ್ನು ತಯಾರಿಸತೊಡಗಿತು. ಅಶೋಕ್ ಲೇಲ್ಯಾಂಡ್ ಲಾರಿಗಳೂ ಹರಡಿದವು. ಕ್ರಮೇಣ ನಮ್ಮ ರಸ್ತೆಗಳ ಭಾರೀ ಲಾರಿಗಳೆಲ್ಲ ಡೀಸೆಲಿನವೇ ಆದವು.

ಹಾಗಾದರೆ ಡೀಸೆಲ್ ಲಾರಿಗೆ ಇಗ್ನಿಶನ್ ದೋಷವೇ ಇಲ್ಲವೆನ್ನಬಹುದೇ? ಹಾಗೆನ್ನಲಾಗದು. ಕಿಡಿಯ ವ್ಯವಸ್ಥೆ ಇಲ್ಲದಿದ್ದರೂ ಕೀಲಿಯ ಸ್ವಿಚ್ಚು ಅಲ್ಲಿಯೂ ಉಂಟು. ಅದನ್ನು ಎಲ್ಲರೂ ಇಗ್ನಿಶನ್ ಸ್ವಿಚ್ಚೆಂದೇ ಕರೆಯುವರು. ಅದರ ಮೂಲಕವೇ ‘ಸೆಲ್ಫ್’ ಎಂಬ ಸ್ಟಾರ್ಟರ್ ಮೋಟರಿಗೆ ಅಪ್ಪಣೆ ಹೋಗುವುದು, ಮೀಟರುಗಳೂ ಇತರ ಉಪಕರಣಗಳೂ ವಿದ್ಯುತ್ತನ್ನು ಪಡೆಯುವುವು. ಆದುದರಿಂದ ನಮ್ಮ ಪ್ರಶ್ನೆಯನ್ನು ಎರಡು ಭಾಗಗಳಾಗಿ ವಿಂಗಡಿಸಬೇಕು: ಪೆಟ್ರೋಲ್ ಇಂಜಿನ್ನಿನ ಅಧಿಕ ವೋಲ್ಟೇಜಿನ ದೋಷಗಳು, ಮತ್ತು ಎರಡೂ ಬಗೆಯ ಲಾರಿಗಳಿಗೆ ಸಮಾನವಾದ ಕಡಿಮೆ ವೋಲ್ಟೇಜಿನ ದೋಷಗಳು.

ಕಿಡಿಯ ದೋಷ ಮೂರು ಬಗೆ

ಮೊದಲನೆಯದು, ಕಿಡಿಯು ಸ್ಥಳ ತಪ್ಪುವುದು. ಪ್ಲಗ್ಗಿನ ವೈರಿನ ರಬ್ಬರು ಹಳತಾಗಿ ಬಿರಿದರೆ, ಇಲ್ಲವೆ ಡಿಸ್ಟ್ರಿಬ್ಯೂಟರಿನ ಮುಚ್ಚಳವು ಸೀಳಿದರೆ, ವಿದ್ಯುತ್ತು ಪ್ಲಗ್ಗಿನವರೆಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರುವುದು. ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಒಂದು ಮಿಲಿಜೂಲಿನ ನಾಲ್ಕನೆಯ ಒಂದಂಶದಷ್ಟು ಶಕ್ತಿ ಸಾಕು. ಇಗ್ನಿಶನ್ ಕಿಡಿಯಲ್ಲಿ ಇರುವುದು ಅದಕ್ಕಿಂತ ನೂರು ಪಟ್ಟಿಗೂ ಮಿಕ್ಕ ಶಕ್ತಿ. ಹಾಗಿದ್ದರೂ ದಾರಿತಪ್ಪಿದ ಕಿಡಿಯೊಂದೇ ಲಾರಿಯನ್ನು ಸುಡಲಾರದು. ಅದೇ ಸ್ಥಳದಲ್ಲಿ ಪೆಟ್ರೋಲಿನ ಸೋರಿಕೆಯೂ ಇರಬೇಕು. ಹಳೆಯ ವಾಹನದಲ್ಲಿ ಅಪಾಯ ಹೆಚ್ಚಾಗುವುದಕ್ಕೆ ಕಾರಣವೂ ಇದೇ. ಪ್ಲಗ್ಗಿನ ವೈರನ್ನು ಸೀಳಿದ ಅದೇ ಕಾವು, ಅದೇ ವಯಸ್ಸು, ಪಕ್ಕದ ಪೆಟ್ರೋಲ್ ಕೊಳವೆಯನ್ನೂ ಸೀಳಿರುವುದು.

ಎರಡನೆಯದು, ಕಿಡಿಯು ಹೊತ್ತು ತಪ್ಪುವುದು. ಒಳಗೆ ಬರುವ ವಾಲ್ವು ಮುಚ್ಚುವ ಮೊದಲೇ ಕಿಡಿ ಹಾರಿದರೆ ಜ್ವಾಲೆಯು ಹಿಂದಕ್ಕೆ ನುಗ್ಗಿ ಕಾರ್ಬ್ಯುರೇಟರಿನ ಬಾಯಿಂದ ಹೊರಬೀಳುವುದು. ಏರ್ ಫಿಲ್ಟರನ್ನು ತೆಗೆದಿಟ್ಟು ಓಡಿಸುವ ಲಾರಿಯಲ್ಲಿ ಈ ಜ್ವಾಲೆಗೆ ತಡೆಯೇ ಇರದು.

ಮೂರನೆಯದು, ಕಿಡಿಯೇ ಹಾರದಿರುವುದು. ಆಗ ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿಯುವುದು. ಸೈಲೆನ್ಸರು ಅತಿಯಾಗಿ ಕಾಯುವುದರಿಂದ ಮೇಲಿನ ಹಲಗೆಗೋ ಕೆಳಗಿನ ಒಣಹುಲ್ಲಿಗೋ ಬೆಂಕಿ ತಗುಲಬಹುದು.

ಸಡಿಲ ಜೋಡಣೆ ಮತ್ತು ಶಾರ್ಟ್

ಇನ್ನು ಕಡಿಮೆ ವೋಲ್ಟೇಜಿನ ಭಾಗವನ್ನು ನೋಡೋಣ. 12 ಅಥವಾ 24 ವೋಲ್ಟು ಮುಟ್ಟಿದವರಿಗೆ ಆಘಾತ ಕೊಡಲಾರದು. ಅದರಿಂದಲೇ ಜನರು ಅದನ್ನು ಹಗುರಾಗಿ ಕಾಣುವರು. ಆದರೆ ಉಷ್ಣವನ್ನು ಹುಟ್ಟಿಸುವುದು ಮುಖ್ಯವಾಗಿ ಪ್ರವಾಹ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಒಂದು ಸೆಕೆಂಡಿನಲ್ಲಿ ಹುಟ್ಟುವ ಉಷ್ಣ ದೊರೆಯುವುದೆಂದು ಜೂಲನ ನಿಯಮವು ಹೇಳುವುದು.

ಒಂದು ಲೆಕ್ಕ ಮಾಡೋಣ. ಇಗ್ನಿಶನ್ ಸ್ವಿಚ್ಚಿನ ಹಿಂದಿನ ಒಂದು ಸ್ಕ್ರೂ ಸಡಿಲವಾಗಿ, ಕಿಲುಬು ಹಿಡಿದು, ಆ ಜೋಡಣೆಯ ರೋಧವು 0.1 ಓಮ್ ಆಗಿದೆ ಎನ್ನಿರಿ. ಅದರ ಮೂಲಕ 20 ಆಂಪಿಯರ್ ಪ್ರವಾಹ ಹರಿಯುತ್ತಿದೆ. ಹುಟ್ಟುವ ಉಷ್ಣ 20 × 20 × 0.1, ಎಂದರೆ 40 ವ್ಯಾಟ್. ರೇಡಿಯೋ ರಿಪೇರಿ ಮಾಡುವವರು ಬೆಸುಗೆ ಹಾಕಲು ಬಳಸುವ ಕಾವುಗೋಲು ಸಾಮಾನ್ಯವಾಗಿ 25ರಿಂದ 35 ವ್ಯಾಟಿನದು. ಅಂಥ ಕಾವುಗೋಲಿಗಿಂತ ಬಿಸಿಯಾದುದನ್ನು ಸ್ಟಿಯರಿಂಗಿನ ಕೆಳಗೆ ಪ್ಲಾಸ್ಟಿಕ್ಕಿನ ನಡುವೆ ಸಿಕ್ಕಿಸಿಟ್ಟಂತಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಮಾರ್ಗದಲ್ಲಿ 25 ಆಂಪಿಯರಿನ ಫ್ಯೂಜು ಇದ್ದರೂ ಅದು ಹೋಗುವುದಿಲ್ಲ, ಏಕೆಂದರೆ ಪ್ರವಾಹವು ಮೇರೆ ಮೀರಿಲ್ಲ. ಫ್ಯೂಜಿಗೆ ಅತಿಪ್ರವಾಹ ಗೊತ್ತು, ಸಡಿಲ ಜೋಡಣೆ ಗೊತ್ತಿಲ್ಲ. “ಫ್ಯೂಜು ಇದೆ, ಭಯವಿಲ್ಲ” ಎಂಬ ನಂಬಿಕೆ ಅರ್ಧ ಸತ್ಯವೇ ಸರಿ.

ಇನ್ನೊಂದು ಲೆಕ್ಕ. ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಹೋಗುವ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಜೇ ಇರುವುದಿಲ್ಲ, ಏಕೆಂದರೆ ಮೋಟರಿಗೆ ನೂರಾರು ಆಂಪಿಯರ್ ಬೇಕು. ಆ ಕೇಬಲ್ಲಿನ ಹೊದಿಕೆಯು ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ಸವೆದು ತಾಮ್ರವು ಕಬ್ಬಿಣಕ್ಕೆ ತಗುಲಿತೆನ್ನಿ. ಬ್ಯಾಟರಿ 24 ವೋಲ್ಟಿನದು, ಮಾರ್ಗದ ಒಟ್ಟು ರೋಧ 0.06 ಓಮ್. ಪ್ರವಾಹ 400 ಆಂಪಿಯರ್. ಉಷ್ಣ 24 × 400, ಎಂದರೆ 9,600 ವ್ಯಾಟ್. ನೀರು ಕಾಯಿಸುವ 1,000 ವ್ಯಾಟಿನ ಒಂಬತ್ತು ಹತ್ತು ಹೀಟರುಗಳ ಕಾವು ಆ ಮಾರ್ಗದಲ್ಲಿ, ಬ್ಯಾಟರಿಯೊಳಗೆ, ತಗುಲಿದ ಸ್ಥಳದಲ್ಲಿ ಹಂಚಿಹೋಗುವುದು. ಪಕ್ಕದಲ್ಲಿ ಡೀಸೆಲಿನ ಸೋರಿಕೆ ಇದ್ದರೆ ಅದು ಹೊತ್ತಲು ಬೇಕಾದ ಉಷ್ಣತೆಗೆ ಬಹಳ ಹೊತ್ತು ಹಿಡಿಯದು. ಕೀಲಿಯಿಂದ ಕೈ ತೆಗೆದರೂ ಸೆಲ್ಫಿನ ಸ್ವಿಚ್ಚು ಅಂಟಿಕೊಂಡು ಮೋಟರು ತಿರುಗುತ್ತಲೇ ಇದ್ದರೂ ಕೇಬಲ್ಲು ಹೀಗೆಯೇ ಕಾಯುವುದು.

ಅಮೆರಿಕೆಯ ಎರಡು ಪ್ರಕರಣಗಳು

ಇದು ಕೇವಲ ಪುಸ್ತಕದ ಲೆಕ್ಕವಲ್ಲವೆಂಬುದಕ್ಕೆ ದೊಡ್ಡ ನಿದರ್ಶನಗಳುಂಟು. 1996ರಲ್ಲಿ ಅಮೆರಿಕೆಯ ಫೋರ್ಡ್ ಸಂಸ್ಥೆಯು ಅಮೆರಿಕ ಮತ್ತು ಕೆನಡಾಗಳಲ್ಲಿ ಮಾರಿದ ಸುಮಾರು 87 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಅವು 1988ರಿಂದ 1993ರವರೆಗಿನ ಮಾದರಿಗಳು; ಅವುಗಳಲ್ಲಿ ಕಾರುಗಳೂ ಇದ್ದವು, ಹಗುರ ಟ್ರಕ್ಕುಗಳೂ ಇದ್ದವು. ದೋಷವಿದ್ದುದು ಇಗ್ನಿಶನ್ ಸ್ವಿಚ್ಚಿನಲ್ಲಿಯೇ. ಅದರೊಳಗೆ ಶಾರ್ಟ್ ಆಗಿ, ಸ್ಟಿಯರಿಂಗಿನ ಕಂಬದಲ್ಲಿ ಹೊಗೆ ಎದ್ದು, ಬೆಂಕಿ ಹತ್ತುವ ಸಂಭವವಿತ್ತು. ಕೀಲಿ ತೆಗೆದು ನಿಲ್ಲಿಸಿದ ವಾಹನಗಳಿಗೂ ಈ ಅಪಾಯ ತಪ್ಪಿರಲಿಲ್ಲ.

ಎರಡನೆಯದು ಅದೇ ಸಂಸ್ಥೆಯ ವೇಗನಿಯಂತ್ರಣವನ್ನು ನಿಲ್ಲಿಸುವ ಒಂದು ಚಿಕ್ಕ ಸ್ವಿಚ್ಚಿನ ಕಥೆ. ಇದು ಇಗ್ನಿಶನ್ ಭಾಗವಲ್ಲ, ಆದರೆ ಪಾಠ ಒಂದೇ. ಆ ಸ್ವಿಚ್ಚಿನ ಒಂದು ಬದಿಗೆ ಬ್ರೇಕ್ ಆಯಿಲು, ಇನ್ನೊಂದು ಬದಿಗೆ ಸದಾ ಬ್ಯಾಟರಿಗೆ ಜೋಡಿಸಿದ ವಿದ್ಯುತ್ತು. ನಡುವೆ ತೆಳುವಾದ ಒಂದು ಪೊರೆ. ವರ್ಷಗಳು ಕಳೆದಂತೆ ಪೊರೆಯು ಬಿರಿದು ಆಯಿಲು ಆಚೆಗೆ ಜಿನುಗಿತು, ಲೋಹವು ಕಿಲುಬಿತು, ಪ್ರವಾಹವು ಕಳ್ಳದಾರಿ ಹಿಡಿಯಿತು, ಸ್ವಿಚ್ಚು ಕಾದು ಹೊತ್ತಿಕೊಂಡಿತು. 1999ರಿಂದ 2009ರವರೆಗೆ ಹಲವು ಸಲವಾಗಿ ಹಿಂದಕ್ಕೆ ಕರೆದ ಇಂಥ ವಾಹನಗಳ ಸಂಖ್ಯೆ 1 ಕೋಟಿ 40 ಲಕ್ಷಕ್ಕೂ ಮಿಕ್ಕಿತು. ಅವುಗಳಲ್ಲಿ ಟ್ರಕ್ಕುಗಳು ಬಹಳ. ಪರಿಹಾರವು ಸರಳವಾದುದೇ ಆಗಿತ್ತು: ಆ ಮಾರ್ಗದಲ್ಲಿ ಫ್ಯೂಜುಳ್ಳ ಒಂದು ತುಂಡು ವೈರನ್ನು ಸೇರಿಸಿದರು.

ಇವೆರಡರಿಂದ ತಿಳಿಯಬೇಕಾದುದೇನು? ಕೀಲಿ ತೆಗೆದ ಮಾತ್ರಕ್ಕೆ ವಾಹನವು ವಿದ್ಯುತ್ತಿನಿಂದ ಮುಕ್ತವಾಗುವುದಿಲ್ಲ. ಇಗ್ನಿಶನ್ ಸ್ವಿಚ್ಚಿನ ಒಂದು ತುದಿಯು ಹಗಲೂ ರಾತ್ರಿಯೂ ಬ್ಯಾಟರಿಗೆ ಜೋಡಿಕೊಂಡೇ ಇರುವುದು. ನಮ್ಮ ಪಾಲಿಗೆ ಈ ಮಾತು ಬಹು ಮುಖ್ಯವಾದುದು. ನಮ್ಮ ಎಷ್ಟೋ ಮಂದಿ ಡ್ರೈವರರೂ ಕ್ಲೀನರರೂ ಧಾಬೆಯ ಎದುರಿಗೋ ಬಂದರಿನ ಬಯಲಿನಲ್ಲೋ ಲಾರಿ ನಿಲ್ಲಿಸಿ ಕ್ಯಾಬಿನ್ನಿನಲ್ಲಿಯೇ ಮಲಗುವರು. ಸೊಳ್ಳೆಗೆ ಹೆದರಿ ಗಾಜು ಏರಿಸಿಕೊಳ್ಳುವರು. ಆಗ ಜ್ವಾಲೆಗಿಂತ ಮೊದಲು ಬರುವುದು ಹೊಗೆ. ಪ್ಲಾಸ್ಟಿಕ್ಕಿನ ವಿಷಹೊಗೆಯು ನಿದ್ದೆಯಲ್ಲಿರುವವನನ್ನು ಎಬ್ಬಿಸದೆಯೇ ಮೂರ್ಛೆಗೆ ನೂಕಬಲ್ಲುದು.

ಗೋವೆಯ ಹವೆ, ಗೋವೆಯ ಲಾರಿ

ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ; ಅದರ ಮೇಲೆ ಕಡಲಿನ ಉಪ್ಪುಗಾಳಿ. ತಾಮ್ರದ ಜೋಡಣೆಗಳು ಹಸಿರುಗಟ್ಟಿ ಕಿಲುಬುವುದಕ್ಕೆ ಇದಕ್ಕಿಂತ ಅನುಕೂಲವಾದ ಹವೆ ಬೇಡ. ಡಿಚೋಲಿ, ಸಾವರ್ಡೆ, ಕುಡಚಡೆಗಳ ಕಡೆ ಅದಿರು ಸಾಗಿಸಿದ ಟಿಪ್ಪರುಗಳಲ್ಲಿ ಕೆಂಪು ಧೂಳು ವೈರುಗಳ ಸಂದುಗಳಲ್ಲಿ ಸೇರಿ ತೇವವನ್ನು ಹಿಡಿದಿಡುವುದು. 2012ರ ಸಪ್ಟೆಂಬರಿನಲ್ಲಿ ಗಣಿ ಕೆಲಸ ನಿಂತಾಗಲೂ, 2018ರಲ್ಲಿ ಸುಪ್ರೀಂ ಕೋರ್ಟು 88 ಗಣಿ ಗುತ್ತಿಗೆಗಳನ್ನು ರದ್ದುಪಡಿಸಿದಾಗಲೂ ಸಾವಿರಾರು ಟಿಪ್ಪರುಗಳು ಓಡದೆ ನಿಂತವು. ನಿಂತ ವಾಹನ ಸುರಕ್ಷಿತವೆಂದು ತೋರುವುದು ಸಹಜ. ಆದರೆ ಬಹುಕಾಲ ನಿಂತ ವಾಹನದಲ್ಲಿ ರಬ್ಬರು ಒಣಗಿ ಬಿರಿಯುವುದು, ಇಲಿಗಳು ವೈರನ್ನು ಕಡಿಯುವುವು, ಜೋಡಣೆಗಳು ಕಿಲುಬುವುವು. ಅಂಥ ಲಾರಿಗೆ ಹೊಸ ಬ್ಯಾಟರಿ ಹಾಕಿ ನೇರವಾಗಿ ರಸ್ತೆಗಿಳಿಸುವುದು ಅವಿವೇಕ.

ಇದಕ್ಕೆ ಮನುಷ್ಯನ ಕೈಕೆಲಸವೂ ಸೇರುವುದು. ಹಾಡಿನ ಪೆಟ್ಟಿಗೆ, ಬಣ್ಣದ ದೀಪ, ದೊಡ್ಡ ಹಾರ್ನು, ಫ್ಯಾನು, ಮೊಬೈಲ್ ಚಾರ್ಜರು ಎಲ್ಲಕ್ಕೂ ಇಗ್ನಿಶನ್ ಸ್ವಿಚ್ಚಿನಿಂದಲೇ ವೈರು ಎಳೆಯುವ ರೂಢಿಯುಂಟು. ಹತ್ತು ಆಂಪಿಯರಿಗೆ ತಯಾರಾದ ಸ್ವಿಚ್ಚಿನ ಮೇಲೆ ಇಪ್ಪತ್ತು ಆಂಪಿಯರಿನ ಹೊರೆ ಬಿದ್ದರೆ ಅದರಲ್ಲಿ ಹುಟ್ಟುವ ಉಷ್ಣ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಫ್ಯೂಜು ಪದೇ ಪದೇ ಹೋಗುವುದೆಂದು ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನೋ ಸಿಗರೇಟ್ ಪಾಕೀಟಿನ ಬೇಗಡೆಯನ್ನೋ ಸಿಕ್ಕಿಸುವುದಂತೂ ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತೆ.

ಎಲ್ಲ ಬೆಂಕಿಗೂ ಒಂದೇ ಕಾರಣವಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳುವುದು ನ್ಯಾಯ. ವಾಹನದ ಬೆಂಕಿಯನ್ನೆಲ್ಲ ಇಗ್ನಿಶನ್ನಿನ ತಲೆಗೆ ಕಟ್ಟಲಾಗದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮಹಬೂಬನಗರ ಜಿಲ್ಲೆಯ ಪಾಲೆಂ ಎಂಬಲ್ಲಿ ಸೇತುವೆಯ ಕಟ್ಟೆಗೆ ಬಡಿದು, ಡೀಸೆಲ್ ಟ್ಯಾಂಕು ಒಡೆದು ಉರಿಯಿತು. 45 ಮಂದಿ ಮಡಿದರು. ಹದಿನೈದು ದಿನಗಳ ಮೇಲೆ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸು ಹಾವೇರಿಯ ಬಳಿ ಅಪಘಾತಕ್ಕೀಡಾಗಿ ಉರಿದು 7 ಮಂದಿ ಸತ್ತರು. ಇವೆರಡರಲ್ಲಿಯೂ ಮೊದಲು ನಡೆದುದು ಅಪಘಾತ. ಟರ್ಬೊ ಮತ್ತು ಸೈಲೆನ್ಸರ್ ಕೊಳವೆಗಳ ಮೇಲೆ ಸೋರಿದ ಡೀಸೆಲು, ಹಿಡಿದುಕೊಂಡ ಬ್ರೇಕು, ಜೋಡಿ ಟಾಯರುಗಳ ತಿಕ್ಕಾಟ, ಕ್ಯಾಬಿನ್ನಿನಲ್ಲಿ ಹಚ್ಚಿದ ಸ್ಟೋವು, ಇವುಗಳಿಂದಲೂ ಬೆಂಕಿ ಹುಟ್ಟುವುದು.

ಸುಟ್ಟ ಲಾರಿಯಲ್ಲಿ ಕರಗಿದ ವೈರು ಕಂಡಿತೆಂದು “ಶಾರ್ಟ್ ಸರ್ಕೀಟೇ ಕಾರಣ” ಎಂದು ತೀರ್ಮಾನಿಸುವುದೂ ತರ್ಕದೋಷ. ಬೇರೆಲ್ಲಿಯೋ ಹುಟ್ಟಿದ ಬೆಂಕಿಯು ಹೊದಿಕೆಯನ್ನು ಸುಟ್ಟಾಗಲೂ ತಂತಿಗಳು ಒಂದಕ್ಕೊಂದು ತಗುಲಿ ಶಾರ್ಟ್ ಆಗುವುವು. ಅಲ್ಲಿ ಶಾರ್ಟು ಬೆಂಕಿಯ ಕಾರಣವಲ್ಲ, ಬೆಂಕಿಯ ಫಲ. ಬಲ್ಲ ಪರೀಕ್ಷಕರು ಮೊದಲು ಬೆಂಕಿ ಎಲ್ಲಿ ಆರಂಭವಾಯಿತೆಂಬುದನ್ನು ನಿಶ್ಚಯಿಸಿಕೊಂಡು ಆಮೇಲೆ ಅಲ್ಲಿ ಏನಿತ್ತೆಂಬುದನ್ನು ಹುಡುಕುವರು. ಕಾರಣವನ್ನು ತಪ್ಪಾಗಿ ಹೇಳಿದರೆ ಡ್ರೈವರನ ಮೇಲೆ ಇಲ್ಲದ ಅಪರಾಧ ಬೀಳಬಹುದು, ಇಲ್ಲವೆ ನಿಜವಾದ ದೋಷ ಉಳಿದು ಇನ್ನೊಂದು ಲಾರಿಯನ್ನು ಸುಡಬಹುದು.

ಮಾಡತಕ್ಕದ್ದೇನು?

ದೋಷವು ಮುಂಚಿತವಾಗಿಯೇ ಸೂಚನೆ ಕೊಡುವುದುಂಟು. ಕೀಲಿಯ ಸುತ್ತ ಬಿಸಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಹಾರ್ನು ಒತ್ತಿದಾಗ ಮಂದವಾಗುವ ದೀಪ, ಕೀಲಿ ಅಲುಗಿಸಿದರೆ ಆರಿಹೋಗುವ ಮೀಟರು, ಪದೇ ಪದೇ ಹೋಗುವ ಫ್ಯೂಜು, ರಾತ್ರಿ ಬೆಳಗಾಗುವುದರೊಳಗೆ ಇಳಿದುಹೋಗುವ ಬ್ಯಾಟರಿ, ಇವುಗಳಲ್ಲಿ ಒಂದು ಕಂಡರೂ ವೈರ್‌ಮನ್ನನಿಗೆ ತೋರಿಸಬೇಕು. ಬ್ಯಾಟರಿಯನ್ನು ಪೂರ್ತಿಯಾಗಿ ಬೇರ್ಪಡಿಸುವ ಕಟ್-ಆಫ್ ಸ್ವಿಚ್ಚು ಲಾರಿಯಲ್ಲಿದ್ದರೆ ರಾತ್ರಿ ನಿಲ್ಲಿಸುವಾಗ ಅದನ್ನು ತಪ್ಪದೆ ತಿರುಗಿಸಬೇಕು. ಇಲ್ಲದಿದ್ದರೆ ಮಾಲೀಕನು ಹಾಕಿಸಬೇಕು. ಒಂದು ಲಾರಿಯ ಬೆಲೆಯ ಮುಂದೆ ಅದರ ವೆಚ್ಚ ಲೆಕ್ಕಕ್ಕೆ ಬಾರದು. ಒಂದು ಜೀವದ ಮುಂದೆ ಹೇಳುವುದೇ ಬೇಡ. ಬ್ಯಾಟರಿಯ ವೈರು ಬಿಚ್ಚುವಾಗ ಅರ್ಥ್ ಕಡೆಯದನ್ನೇ ಮೊದಲು ಬಿಚ್ಚತಕ್ಕದ್ದು. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯಬೇಕೆಂದು ನಿಯಮವಿದೆ. ಅದನ್ನು ಕಾಗದದ ಕೆಲಸವೆಂದು ತಿಳಿಯದೆ ವೈರಿಂಗಿನ ವಾರ್ಷಿಕ ತಪಾಸಣೆಯ ದಿನವನ್ನಾಗಿ ಮಾಡಿಕೊಂಡರೆ ನಿಯಮದ ಉದ್ದೇಶ ಸಫಲವಾದಂತೆ.

ಬೆಂಕಿ ಹತ್ತಿಯೇ ಬಿಟ್ಟರೆ ಲಾರಿಯನ್ನು ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಮೊದಲು ಜನರನ್ನು ಇಳಿಸಬೇಕು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ದೂರ ನಿಲ್ಲಬೇಕು. 112 ಅಥವಾ 101ಕ್ಕೆ ಕರೆ ಮಾಡಬೇಕು. ಬಾನೆಟ್ಟನ್ನು ಪೂರ್ತಿ ಎತ್ತಬಾರದು. ಎತ್ತಿದರೆ ಗಾಳಿ ನುಗ್ಗಿ ಜ್ವಾಲೆ ಎದ್ದು ಮುಖಕ್ಕೆ ಬಡಿಯುವುದು. ಬೆಂಕಿ ಚಿಕ್ಕದಾಗಿದ್ದರೆ ಮಾತ್ರ ಒಣ ಪುಡಿಯ ಆರಿಸುವ ಸಾಧನವನ್ನು ಜ್ವಾಲೆಯ ಬುಡಕ್ಕೆ ಹಿಡಿಯಬೇಕು. ಉರಿಯುವ ಡೀಸೆಲಿಗೆ ನೀರು ಎರಚಿದರೆ ಅದು ತೇಲಿ ಹರಡುವುದು. ಟ್ಯಾಂಕಿಗೋ ಟಾಯರಿಗೋ ಬೆಂಕಿ ತಲುಪಿದ್ದರೆ ಮಾಲಿನ ಆಸೆ ಬಿಟ್ಟು ದೂರ ಸರಿಯುವುದೇ ಜಾಣತನ.

ಹೀಗೆ, ಇಗ್ನಿಶನ್ ದೋಷದಿಂದ ಹಳೆಯ ಲಾರಿಗೆ ಬೆಂಕಿ ಹತ್ತಬಹುದೇ ಎಂಬ ಪ್ರಶ್ನೆಗೆ ಹತ್ತಬಹುದೆಂಬುದೇ ಉತ್ತರ. ಆದರೆ ಆ ದೋಷವು ಒಂಟಿಯಾಗಿ ಕೆಲಸ ಮಾಡುವುದು ವಿರಳ. ಸೋರಿಕೆ, ಕಿಲುಬು, ಮಿತಿಮೀರಿದ ಹೊರೆ, ಅಲಕ್ಷ್ಯ, ಇವು ಅದರ ಜೊತೆಗಾರರು. ಇವುಗಳಲ್ಲಿ ಒಂದೊಂದನ್ನೂ ತೆಗೆದುಹಾಕುವುದು ನಮ್ಮ ಕೈಯಲ್ಲಿದೆ. ವಿದ್ಯಾರ್ಥಿಗಳು ಈ ಪಾಠವನ್ನು ಮನೆಯಲ್ಲಿ ತಂದೆಯವರಿಗೂ ಅಣ್ಣಂದಿರಿಗೂ ಓದಿ ಹೇಳಲಿ. ಅವರಿಗೆ ಅನುಭವದಿಂದ ತಿಳಿದಿರುವ ಸಂಗತಿಗಳನ್ನು ಕೇಳಿ ಬರೆದುಕೊಂಡು ಬರಲಿ.

ಅಭ್ಯಾಸ

1. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗು ಏಕೆ ಬೇಡ?

2. ಒಂದು ಸಡಿಲ ಜೋಡಣೆಯ ರೋಧ 0.2 ಓಮ್, ಪ್ರವಾಹ 15 ಆಂಪಿಯರ್. ಅಲ್ಲಿ ಎಷ್ಟು ವ್ಯಾಟ್ ಉಷ್ಣ ಹುಟ್ಟುವುದು? 20 ಆಂಪಿಯರಿನ ಫ್ಯೂಜು ಆಗ ಹೋಗುವುದೇ? ಕಾರಣ ಕೊಡಿರಿ.

3. ಕೀಲಿ ತೆಗೆದು ನಿಲ್ಲಿಸಿದ ವಾಹನಕ್ಕೂ ವಿದ್ಯುತ್ತಿನಿಂದ ಬೆಂಕಿ ಹತ್ತುವುದು ಹೇಗೆ?

4. ಸುಟ್ಟ ಲಾರಿಯಲ್ಲಿ ಕರಗಿದ ವೈರು ಕಂಡ ಮಾತ್ರಕ್ಕೆ ಅದೇ ಕಾರಣವೆಂದು ಏಕೆ ಹೇಳಬಾರದು?

5. ನಿಮ್ಮ ಓಣಿಯಲ್ಲಿ ರಾತ್ರಿ ನಿಲ್ಲುವ ಲಾರಿಗಳಲ್ಲಿ ಕಟ್-ಆಫ್ ಸ್ವಿಚ್ಚು ಇರುವುವು ಎಷ್ಟು ಎಂಬುದನ್ನು ಡ್ರೈವರರನ್ನು ವಿಚಾರಿಸಿ ಬರೆಯಿರಿ.